ಬುಟ್ಟಿಯ ಅಸಲು, ಮಗ್ಗದ ಬಾಕಿ: ಬಾಗಲಕೋಟೆ ಸೀಮೆಯ ಕಿರುವ್ಯಾಪಾರದ ಚರಿತ್ರೆಗೆ ಒಂದು ಪ್ರವೇಶ

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲು ಪರಿಸರದ ವಾಣಿಜ್ಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಐಹೊಳೆಯಿಂದ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಹುನಗುಂದ ಸೀಮೆಯ ಈ ಊರಿನ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆಗೂ ತನ್ನ ವ್ಯವಹಾರವನ್ನು ಹರಡಿತ್ತು. ಆ ಸಂಘದ ಪ್ರಶಸ್ತಿಗಳಲ್ಲಿ ಆನೆ, ಕುದುರೆ, ರತ್ನ, ಗಂಧ, ಕರ್ಪೂರಗಳ ಪಟ್ಟಿ ದೊಡ್ಡದಿದೆ. ಆದರೆ ಶಿಕಾರಿಪುರ ಸೀಮೆಯ ಪ್ರಸಿದ್ಧ ಶಾಸನವೊಂದರಲ್ಲಿ, ಸಗಟಾಗಿ ಮಾರುವವರ ಜೊತೆಗೇ ಹೆಗಲ ಮೇಲೆ ಸರಕು ಹೊತ್ತು ತಿರುಗಿ ಮಾರುವವರೂ, ಕತ್ತೆ ಕೋಣಗಳ ಮೇಲೆ ಹೇರು ಹಾಕಿಕೊಂಡು ನಡೆಯುವವರೂ ಬರುತ್ತಾರೆ ಎಂಬ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಆ ಹೆಗಲ ಮೇಲಿನ ಹೇರಿನವನು ತನ್ನ ಮೊದಲ ಹೇರನ್ನು ಯಾವ ಹಣದಿಂದ ಕೊಂಡನೆಂಬುದನ್ನು ಶಾಸನ ಹೇಳುವುದಿಲ್ಲ. ದತ್ತಿ ಕೊಡುವ ಶಕ್ತಿ ಬಂದ ಮೇಲಷ್ಟೇ ವರ್ತಕನೊಬ್ಬ ಕಲ್ಲಿನ ಮೇಲೆ ಬರುತ್ತಾನೆ.

ಪ್ರಸ್ತುತ ಲೇಖನವು ಆ ಮೊದಲ ಹೇರಿನ ಪ್ರಶ್ನೆಯನ್ನು ಈಚಿನ ಕಾಲಕ್ಕೆ ತಂದು ನೋಡುವ ಪ್ರಯತ್ನವಾಗಿದೆ. ಕೈಯಲ್ಲಿ ಹಣವಿಲ್ಲದವರು ಈ ಸೀಮೆಯಲ್ಲಿ ಉದ್ಯೋಗವನ್ನು ಹೇಗೆ ಆರಂಭಿಸಿದರು, ಆರಂಭಿಸಿದವರಲ್ಲಿ ಯಾರು ಅದರ ಒಡೆಯರಾಗಿ ಉಳಿದರು, ಯಾರು ಕೂಲಿಯಾದರು ಎಂಬುದು ಇಲ್ಲಿಯ ವಿಷಯ. ಇದಕ್ಕಾಗಿ ಎರಡು ಉದ್ಯೋಗಗಳನ್ನು ಎದುರುಬದುರಾಗಿ ಇರಿಸಿಕೊಂಡಿದ್ದೇನೆ. ಒಂದು, ಬಾದಾಮಿ ಬನಶಂಕರಿಯ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಕೂಡುವ ಹೆಣ್ಣುಮಕ್ಕಳ ವ್ಯಾಪಾರ. ಇನ್ನೊಂದು, ಇಳಕಲ್ಲಿನ ಕೈಮಗ್ಗ. ಮೊದಲನೆಯದಕ್ಕೆ ಚರಿತ್ರೆಯ ಗ್ರಂಥಗಳಲ್ಲಿ ಜಾಗವಿಲ್ಲ. ಎರಡನೆಯದು ನಾಡಿನ ಹೆಮ್ಮೆ. ಆದರೆ ಸ್ವಂತಿಕೆಯ ದೃಷ್ಟಿಯಿಂದ ನೋಡಿದರೆ ಇವೆರಡರ ಸ್ಥಾನ ಅದಲುಬದಲಾಗುತ್ತದೆ.

ಬಂಡವಾಳವಿಲ್ಲದ ವ್ಯಾಪಾರದ ಬಗ್ಗೆ ಭಾರತೀಯ ಕಥಾಪರಂಪರೆಯಲ್ಲಿ ಒಂದು ಹಳೆಯ ಕಥೆಯಿದೆ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿಯೂ ಪಾಲಿ ಜಾತಕಗಳಲ್ಲಿಯೂ ಅದು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಬಡ ಹುಡುಗನೊಬ್ಬ ಸಾಹುಕಾರನ ಮನೆಯಂಗಳದಲ್ಲಿ ಬಿದ್ದ ಸತ್ತ ಇಲಿಯನ್ನೇ ಸಾಲವೆಂದು ಬರೆದುಕೊಟ್ಟು ಎತ್ತಿಕೊಳ್ಳುತ್ತಾನೆ. ಬೆಕ್ಕಿಗೆಂದು ಅದನ್ನು ಮಾರಿದಾಗ ಎರಡು ಹಿಡಿ ಕಡಲೆ ಸಿಗುತ್ತದೆ. ಕಡಲೆಯನ್ನು ಹದಮಾಡಿ, ಕೊಡದಲ್ಲಿ ತಣ್ಣೀರು ಹಿಡಿದು, ಊರ ಹೊರಗಿನ ದಾರಿಯ ನೆರಳಲ್ಲಿ ಕೂಡುತ್ತಾನೆ. ದಣಿದು ಬಂದ ಕಟ್ಟಿಗೆಯವರು ತಿಂದು ಕುಡಿದು ತಲೆಗೆ ಎರಡೆರಡು ಕಟ್ಟಿಗೆ ಕೊಡುತ್ತಾರೆ. ಅದನ್ನು ಪೇಟೆಯಲ್ಲಿ ಮಾರಿ, ಬಂದುದರಲ್ಲಿ ಮತ್ತೆ ಕಡಲೆ ಕೊಳ್ಳುತ್ತಾನೆ. ಕೊನೆಗೆ ಮೂರು ದಿನದ ಕಟ್ಟಿಗೆಯನ್ನೆಲ್ಲ ಕೊಂಡು ಕೂಡಿಹಾಕಿದಾಗ ಭಾರಿ ಮಳೆ ಹಿಡಿದು ಬೆಲೆ ಏರುತ್ತದೆ, ಅವನು ಶ್ರೀಮಂತನಾಗುತ್ತಾನೆ. ಈ ಕಥೆಯನ್ನು ಜಾಣತನದ ಕಥೆಯೆಂದು ಹೇಳುವ ರೂಢಿಯಿದೆ. ನನಗೆ ಕಾಣುವಂತೆ ಇದು ಅವಧಿಯ ಕಥೆ. ಬೆಳಿಗ್ಗೆ ಹಾಕಿದ ಹಣ ಸಂಜೆಗೆ ತಿರುಗಿ ಕೈಗೆ ಬರುತ್ತಿತ್ತು. ಕಾಯುವ ಶಕ್ತಿ ಬಂದ ಮೇಲೆ ಮಾತ್ರ ಅವನು ಮೂರು ದಿನ ಕಾದನು. ಮೊದಲ ದಿನವೇ ಕಾಯಬೇಕಾದ ವ್ಯಾಪಾರಕ್ಕೆ ಇಳಿದಿದ್ದರೆ ಅವನ ಇಲಿ ಇಲಿಯಾಗಿಯೇ ಉಳಿಯುತ್ತಿತ್ತು.

ಬನಶಂಕರಿಯ ಗುಡಿ ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಚೊಳಚಗುಡ್ಡದ ಬಳಿ ಇದೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಅದರ ಹಿಂದೆಮುಂದೆ ವಾರಗಟ್ಟಲೆ ನಡೆಯುವ ಜಾತ್ರೆ, ಬಾಗಿಲು ಚೌಕಟ್ಟುಗಳ ಮಾರಾಟ, ಸಾಲುಗಟ್ಟಿ ಡೇರೆ ಹಾಕುವ ನಾಟಕ ಕಂಪನಿಗಳು ಇವೆಲ್ಲ ನಾಡಿಗೆ ಗೊತ್ತಿರುವಂಥವೇ. ರೊಟ್ಟಿಯ ಬುಟ್ಟಿಗಳು ಜಾತ್ರೆಗೆ ಮಾತ್ರ ಸೀಮಿತವಲ್ಲ. ಶ್ರಾವಣದಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಮಂಗಳವಾರ ಶುಕ್ರವಾರಗಳಲ್ಲಿ, ಚಳಿಗಾಲದ ಶಾಲಾ ಪ್ರವಾಸಗಳ ದಿನಗಳಲ್ಲಿ ಹರಿದ್ರಾತೀರ್ಥ ಹೊಂಡದ ಆಸುಪಾಸಿನಲ್ಲಿ ಅವರು ಕಾಣುತ್ತಾರೆ. ಬುಟ್ಟಿಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಡಬ್ಬಿಗಳಲ್ಲಿ ಬದನೆಕಾಯಿ ಪಲ್ಯ, ಕಾಳಿನ ಪಲ್ಯ, ಝುಣಕದ ವಡಿ, ಶೇಂಗಾ ಚಟ್ನಿ, ಕೆಂಪು ಖಾರ. ಪುಟ್ಟ ಮಣ್ಣಿನ ಗಡಿಗೆಗಳಲ್ಲಿ ಕೆನೆಗಟ್ಟಿದ ಮೊಸರು. ಬಂದವರನ್ನು ‘ಯಣ್ಣಾ, ಯಕ್ಕಾ, ಯವ್ವಾ’ ಎಂದು ಕರೆದು ಕೂರಿಸುತ್ತಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ, ತಕ್ಕಡಿಯಿಲ್ಲ.

ಈ ವ್ಯಾಪಾರಕ್ಕೆ ಬೇಕಾದ ಹಣವೆಷ್ಟು ಎಂಬ ಪ್ರಶ್ನೆಗೆ ಬುಟ್ಟಿಯವರು ಕೊಡುವ ಉತ್ತರ ಅರ್ಥಶಾಸ್ತ್ರದ ವಿದ್ಯಾರ್ಥಿಯನ್ನು ಗೊಂದಲಕ್ಕೀಡುಮಾಡುತ್ತದೆ. ಏನೂ ಬೇಕಿಲ್ಲ ಎಂದೇ ಮೊದಲು ಹೇಳುತ್ತಾರೆ. ಮನೆಯ ಹೊಲದ ಜೋಳ ಅಥವಾ ಸುಗ್ಗಿಯಲ್ಲಿ ಕೂಲಿಯಾಗಿ ಬಂದ ಕಾಳು. ಹೊಲದಿಂದ ಆಯ್ದು ತಂದ ಹತ್ತಿಕಟಗಿ, ತಟ್ಟಿ ಒಣಗಿಸಿದ ಕುಳ್ಳು. ಅತ್ತೆಯ ಕಾಲದ ಹಂಚು, ಕೊಣಮಿಗಿ. ನಸುಕಿನಲ್ಲಿ ಎದ್ದು ಬಡಿಯುವ ಕೈ. ಇವ್ಯಾವುದಕ್ಕೂ ಅವರ ಲೆಕ್ಕದಲ್ಲಿ ಬೆಲೆಯಿಲ್ಲ. ಹಣ ಕೊಟ್ಟು ತರುವ ಬದನೆಕಾಯಿ, ಎಣ್ಣೆ, ಶೇಂಗಾ, ಬಸ್ಸಿನ ಚಾರ್ಜು ಇಷ್ಟೇ ‘ಅಸಲು’. ಇದನ್ನು ಅಜ್ಞಾನವೆಂದು ಭಾವಿಸಬೇಕಾಗಿಲ್ಲ. ಅವರು ಎಣಿಸುವುದು ಸಾಲ ಮಾಡಿ ತರಬೇಕಾದ ಭಾಗವನ್ನು ಮಾತ್ರ. ಕಳೆದುಕೊಂಡರೆ ಇನ್ನೊಬ್ಬರ ಮನೆಯ ಬಾಗಿಲು ಬಡಿಯಬೇಕಾದ ಮೊತ್ತ ಅದೊಂದೇ. ಅಸಲಿನ ಈ ವ್ಯಾಖ್ಯೆ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ, ಆದರೆ ಸಣ್ಣ ವ್ಯಾಪಾರದಲ್ಲಿ ಜೀವ ಉಳಿಸುವುದು ಇದೇ.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹಿರಿಯ ವಕ್ತೃವೊಬ್ಬರು ತಮ್ಮ ಎಲೆಯಡಿಕೆಯ ಚಂಚಿಯನ್ನು ಬಿಚ್ಚಿ ತೋರಿಸಿದ್ದರು. ಒಂದರೊಳಗೊಂದು ಅರೆಗಳಿರುವ ಬಟ್ಟೆಯ ಚೀಲವದು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ ಸುಣ್ಣ, ಒಂದರಲ್ಲಿ ನಾಳೆಯ ಬದನೆಕಾಯಿ ಎಣ್ಣೆಯ ಹಣ, ಇನ್ನೊಂದರಲ್ಲಿ ಮನೆಗೆ ಹೋಗುವ ಹಣ. ಬಂದ ಹಣ ಮೊದಲು ಅಸಲಿನ ಅರೆ ತುಂಬಬೇಕು. ಅದು ತುಂಬುವ ತನಕ ಮೊಮ್ಮಗ ಅತ್ತರೂ ಪುಠಾಣಿ ಕೊಡಿಸುವುದಿಲ್ಲವೆಂದು ಅವರು ವಿವರಿಸಿದರು. ನಮ್ಮ ಜಾನಪದದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ಪದ್ಧತಿಯಿದೆ. ರಾಶಿಯ ಕಣದಲ್ಲಿ ಲಾಭ ಮೊದಲು ಬರುತ್ತದೆ, ಚಂಚಿಯಲ್ಲಿ ಅಸಲು ಮೊದಲು ಬರುತ್ತದೆ. ಒಂದು ವರುಷಕ್ಕೊಮ್ಮೆ ಬರುವ ಸಂಪತ್ತಿನ ಭಾಷೆ, ಇನ್ನೊಂದು ದಿನದಿನದ ಬದುಕಿನ ಲೆಕ್ಕ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ಬುಟ್ಟಿಯ ವ್ಯಾಪಾರಕ್ಕೆ ಬಲ ಬಂದಿರುವುದು ಆ ಸರಕಿನ ಗುಣದಿಂದ. ಮಾರದೆ ಉಳಿದ ರೊಟ್ಟಿ ಕೆಡುವುದಿಲ್ಲ, ಒಣಗಿ ಕಟಕ್ ರೊಟ್ಟಿಯಾಗುತ್ತದೆ. ಉಳಿದ ಮೊಸರನ್ನು ಕಡೆದರೆ ಬೆಣ್ಣೆ, ಮಜ್ಜಿಗೆ. ಪಲ್ಯ ರಾತ್ರಿಯ ಊಟಕ್ಕೆ ಸಲ್ಲುತ್ತದೆ. ವ್ಯಾಪಾರ ಕೆಟ್ಟ ದಿನ ಮನೆಯವರ ಹೊಟ್ಟೆ ತುಂಬಿಯೇ ಇರುತ್ತದೆ. ಇಲ್ಲಿ ನಷ್ಟಕ್ಕೆ ಒಂದು ತಳವಿದೆ. ಎರಡನೆಯದಾಗಿ, ಗಿರಾಕಿಗಳು ಪರಸ್ಥಳದವರು. ತಿಂದು ಎದ್ದವರು ಹಣ ಕೊಟ್ಟು ಹೋಗಲೇಬೇಕು, ಮುಂದಿನ ವಾರ ಕೊಡುತ್ತೇನೆನ್ನುವಂತಿಲ್ಲ. ಅಂಥ ಅಪರಿಚಿತರನ್ನೇ ‘ಅಣ್ಣಾ’ ಎಂದು ಕರೆಯುತ್ತಾರೆ. ಸಂಬಂಧದ ಪದವಿದೆ, ಸಂಬಂಧದ ಉದ್ರಿಯಿಲ್ಲ.

ಇದರ ಮಹತ್ವ ತಿಳಿಯಬೇಕಾದರೆ ಹಳ್ಳಿಯ ಕಿರಾಣಿ ಅಂಗಡಿಯತ್ತ ನೋಡಬೇಕು. ಕೂಡಿಟ್ಟ ಅಲ್ಪ ಹಣದಲ್ಲಿ ಮನೆಯ ಕಟ್ಟೆಯ ಮೇಲೆ ಬೆಲ್ಲ, ಚಹಾಪುಡಿ, ಸಾಬೂನು ಇಟ್ಟು ಕುಳಿತವರಲ್ಲಿ ಬಹಳ ಜನ ಒಂದೆರಡು ವರುಷದಲ್ಲಿ ಅಂಗಡಿ ಮುಚ್ಚುತ್ತಾರೆ. ಮುಚ್ಚುವ ಕಾರಣ ಸಾಮಾನ್ಯವಾಗಿ ಉದ್ರಿ. ಗಿರಾಕಿಗಳೆಲ್ಲ ಕಾಕಾ, ಮಾಮಾ, ಬೀಗರೇ ಆಗಿರುವಾಗ ಇಲ್ಲವೆನ್ನುವುದು ಹೇಗೆ? ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆ ಈ ಅನುಭವದಿಂದ ಹುಟ್ಟಿರಬೇಕು. ಇದಕ್ಕೆ ಎದುರಾಗಿ ವ್ಯಾಪಾರಿಗಳು ಆಚರಣೆಯ ಬೇಲಿಯೊಂದನ್ನು ಕಟ್ಟಿಕೊಂಡಿದ್ದಾರೆ. ಬೋಣಿಗೆಯ ವೇಳೆಗೆ ಉದ್ರಿ ಕೇಳಬಾರದು. ದೀಪ ಹಚ್ಚುವ ಹೊತ್ತಿಗೆ ಕೊಡಬಾರದು. ಮೊದಲ ಹಣವನ್ನು ಕಣ್ಣಿಗೊತ್ತಿಕೊಳ್ಳಬೇಕು. ಇವುಗಳನ್ನು ಮೂಢನಂಬಿಕೆಯ ಶೀರ್ಷಿಕೆಯ ಕೆಳಗೆ ಸಂಗ್ರಹಿಸುವ ಅಭ್ಯಾಸ ನಮ್ಮ ವಿಭಾಗಗಳಲ್ಲಿ ಬಹುಕಾಲ ಇತ್ತು, ನಾನೂ ವಿದ್ಯಾರ್ಥಿದೆಸೆಯಲ್ಲಿ ಹಾಗೆಯೇ ಬರೆದುಕೊಂಡಿದ್ದೆ. ನಂಟನಿಗೆ ಮುಖ ಮುರಿಯದೆ ಇಲ್ಲವೆನ್ನಲು ಬಡ ವ್ಯಾಪಾರಿಗೆ ದೇವರ ಸಾಕ್ಷಿ ಬೇಕಾಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಬುಟ್ಟಿಯನ್ನು ಹೊಗಳುವಾಗ ಮರೆಯಬಾರದ ಮಾತೊಂದಿದೆ. ಬಟ್ಟೆಯನ್ನು ನೇಯ್ದವರಾರೆಂದು ಕೊಳ್ಳುವವರು ಕೇಳುವುದಿಲ್ಲ. ಬೇಯಿಸಿದ ಆಹಾರದ ವಿಷಯದಲ್ಲಿ ಹಾಗಲ್ಲ. ಯಾವ ಓಣಿಯವರೆಂಬುದು ಗುಡಿಯ ಮುಂದೆ ಒಂದಲ್ಲ ಒಂದು ಬಗೆಯಲ್ಲಿ ವಿಚಾರಣೆಗೆ ಬಂದೇ ಬರುತ್ತದೆ. ಹಂಚು, ಹಿಟ್ಟು, ಕೈಗುಣ ಎಲ್ಲವೂ ಇದ್ದ ದಲಿತ ಹೆಣ್ಣುಮಗಳಿಗೆ ಈ ವ್ಯಾಪಾರದ ಬಾಗಿಲು ಇತರರಿಗೆ ತೆರೆದಷ್ಟು ಸುಲಭವಾಗಿ ತೆರೆದಿಲ್ಲ. ಹಣವಿಲ್ಲದೆ ಆರಂಭಿಸಬಹುದಾದ ಉದ್ಯೋಗವೆಂದು ನಾವು ಕರೆಯುವುದಕ್ಕೂ ಒಂದು ಬಂಡವಾಳ ಬೇಕಾಗಿದೆ. ಅದು ಜಾತಿಯಿಂದ ಬರುವ ಬಂಡವಾಳ.

ಈಗ ಇಳಕಲ್ಲಿಗೆ ಬರೋಣ. ಹುನಗುಂದ ತಾಲೂಕಿನ ಭಾಗವಾಗಿದ್ದು 2018ರಲ್ಲಿ ಪ್ರತ್ಯೇಕ ತಾಲೂಕಾದ ಈ ಊರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಇಳಕಲ್ಲು ಸೀರೆಯ ವೈಶಿಷ್ಟ್ಯ ಅದರ ಸೆರಗಿನ ಜೋಡಣೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿಯ ಹಾಗೆ ಒಂದಕ್ಕೊಂದು ಸಿಕ್ಕಿಸುತ್ತಾರೆ. ಕೆಂಪು ಬಿಳಿಯ ಈ ಟೋಪ ತೆನಿಯ ಸೆರಗು ಇಲ್ಲದಿದ್ದರೆ ಅದನ್ನು ಇಳಕಲ್ಲು ಸೀರೆ ಎನ್ನಲು ಹಳಬರು ಒಪ್ಪುವುದಿಲ್ಲ. ಗೋಮಿ, ಗಾಡಿ, ಪರಾಸಪೇಟಿ ಮುಂತಾದ ದಡಿಗಳ ಹೆಸರು ಹೇಳುವಾಗ ನೇಕಾರನ ಧ್ವನಿಯೇ ಬದಲಾಗುತ್ತದೆ. ಕೊಂಡಿಯ ಕಾರಣದಿಂದ ಒಂದೊಂದು ಸೀರೆಗೂ ಹಾಸು ಹೂಡಬೇಕು. ಒಂದು ಸೀರೆ ಮಗ್ಗದಿಂದ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಕುಣಿಯೊಳಗೆ ಕಾಲಿಟ್ಟು ಲಾಳಿ ಎಸೆಯುವವನು ಒಬ್ಬನಾದರೂ, ರಾಟಿಯ ಮುಂದೆ ಕಂಡಿಕೆ ಸುತ್ತುವ, ಎಳೆ ಹೊಂದಿಸುವ ಹೆಂಡತಿ ಮಕ್ಕಳ ದುಡಿಮೆ ಅದರಲ್ಲಿ ಸೇರಿರುತ್ತದೆ.

ಈ ವಿವರಗಳನ್ನು ಕಲೆಯ ದೃಷ್ಟಿಯಿಂದ ಬಹಳ ಜನ ಬರೆದಿದ್ದಾರೆ. ಅವಧಿಯ ದೃಷ್ಟಿಯಿಂದ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಸ್ವಂತಕ್ಕೆ ನೇಯಬೇಕೆನ್ನುವ ನೇಕಾರ ಮೊದಲು ನೂಲು, ಬಣ್ಣ, ಸೆರಗಿನ ರೇಷ್ಮೆ ಕೊಳ್ಳಬೇಕು. ಹಾಸು ಹೂಡುವ ದಿನಗಳಲ್ಲಿಯೂ ನೇಯುವ ದಿನಗಳಲ್ಲಿಯೂ ಮನೆ ನಡೆಯಬೇಕು. ಸೀರೆ ಇಳಿದ ಮೇಲೆ ಅದನ್ನು ಉಡುವವಳು ಸಿಗುವ ತನಕ ಕಾಯಬೇಕು. ಮದುವೆಯ ದಿನಗಳಲ್ಲಿ ಸೀರೆ ಹೋಗುತ್ತದೆ, ಮಳೆಗಾಲದಲ್ಲಿ ಹೋಗುವುದಿಲ್ಲ. ಮಳೆ ಜೋರು ಹಿಡಿದರೆ ಕುಣಿಗೆ ನೀರು ಬಸಿದು ನೇಯುವುದೂ ನಿಲ್ಲುತ್ತದೆ. ಅಸಲು ಎಳೆಗಳ ರೂಪದಲ್ಲಿ ಮಗ್ಗದ ಮೇಲೆ ಹಾಸಿಕೊಂಡು ಬಿದ್ದಿರುವಾಗ ಮನೆಯಲ್ಲಿ ಜ್ವರ ಬಂದರೆ ಅದನ್ನು ಬಿಚ್ಚಿ ತೆಗೆಯಲಾಗದು. ಅರ್ಧ ನೇಯ್ದ ಸೀರೆಯನ್ನು ಮಾರಲೂ ಬರುವುದಿಲ್ಲ, ತಿನ್ನಲೂ ಬರುವುದಿಲ್ಲ.

ಕಾಯುವ ಶಕ್ತಿಯುಳ್ಳವನೊಬ್ಬ ನಡುವೆ ಬರಲೇಬೇಕಾದುದು ಇಲ್ಲಿ. ಅವನೇ ಸಾವಕಾರ. ನೂಲು, ರೇಷ್ಮೆ ಅವನು ಕೊಡುತ್ತಾನೆ, ಸೀರೆ ಅವನಿಗೆ ಹೋಗುತ್ತದೆ, ನೇಕಾರನಿಗೆ ಸೀರೆಯ ಲೆಕ್ಕದ ಮಜೂರಿ. ಮಗಳ ಮದುವೆಗೆ, ಮನೆಯ ಮಾಳಿಗೆಗೆ, ಹಬ್ಬಕ್ಕೆ ಮುಂಗಡವನ್ನೂ ಅವನೇ ಕೊಡುತ್ತಾನೆ. ಆ ಮುಂಗಡ ‘ಬಾಕಿ’ಯಾಗಿ ಮಗ್ಗಕ್ಕೆ ಅಂಟಿಕೊಳ್ಳುತ್ತದೆ. ಬೇರೆಯವರ ಕಡೆ ನೇಯಬೇಕಾದರೆ ಹೊಸ ಸಾವಕಾರ ಹಳೆಯ ಬಾಕಿಯನ್ನು ತೀರಿಸಿ ನೇಕಾರನನ್ನು ಬಿಡಿಸಿಕೊಳ್ಳಬೇಕು. ಋಣ ತೀರುವುದಿಲ್ಲ, ಅದರ ಒಡೆಯ ಬದಲಾಗುತ್ತಾನೆ. ಸಾವಕಾರನನ್ನು ಕಥೆಗಳ ಜಿಪುಣನಂತೆ ಚಿತ್ರಿಸುವುದು ಸುಲಭ. ಬರ ಬಿದ್ದಾಗ, ಮನೆಯಲ್ಲಿ ಸಾವಾದಾಗ ಮೊದಲು ಓಡುವುದು ಅವನ ಮನೆಗೇ ಎಂಬುದನ್ನು ನೇಕಾರರೇ ಹೇಳುತ್ತಾರೆ. ಸಾವಕಾರ ಮಾರುವುದು ಕಾಲವನ್ನು. ಅದಕ್ಕೆ ಅವನು ಪಡೆಯುವ ಬೆಲೆ ನೇಕಾರನ ಸ್ವಂತಿಕೆ.

ಬಾಂಗ್ಲಾದೇಶದ ಚಿತ್ತಗಾಂಗಿನ ಸಮೀಪದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಕಂಡದ್ದೂ ಇದನ್ನೇ. ಬಿದಿರಿನ ಮೂಢೆ ಹೆಣೆಯುವ ಹೆಂಗಸು ಬಿದಿರಿಗಾಗಿ ವ್ಯಾಪಾರಿಯಿಂದ ಹಣ ಪಡೆದು, ಹೆಣೆದ ಮೂಢೆಯನ್ನು ಅವನು ಹೇಳಿದ ಬೆಲೆಗೆ ಅವನಿಗೇ ಕೊಡುತ್ತಿದ್ದಳು. ಅಂಥ 42 ಜನರನ್ನು ಬಿಡಿಸಲು ಬೇಕಾದ ಒಟ್ಟು ಮೊತ್ತ 27 ಡಾಲರು ಮಾತ್ರವಾಗಿತ್ತು. ಗ್ರಾಮೀಣ ಬ್ಯಾಂಕಿನ ಚರಿತ್ರೆ ಅಲ್ಲಿಂದ ಆರಂಭವಾಯಿತು. ಆದರೆ ಬಿದಿರಿನ ಮೂಢೆ ಒಂದೆರಡು ದಿನದ ಕೆಲಸ. ಇಳಕಲ್ಲಿನ ಸೆರಗಿಗೆ ಅದೇ ಮಾರ್ಗ ಹೊಂದೀತೇ ಎಂಬ ಪ್ರಶ್ನೆ ಉಳಿದೇ ಇದೆ.

ಬುಟ್ಟಿಗೂ ಮಗ್ಗಕ್ಕೂ ನಡುವಣ ಒಂದು ನೆಲೆಯನ್ನು ಗುಳೇದಗುಡ್ಡದಲ್ಲಿ ಕಾಣಬಹುದು. ಬಾದಾಮಿ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಈ ಊರು ಕುಪ್ಪಸದ ಖಣಕ್ಕೆ ಹೆಸರಾದುದು. ಖಣ ಸಣ್ಣ ಸರಕು. ನೇಯ್ದ ಉದ್ದ ಬಟ್ಟೆಯಿಂದ ಒಂದೊಂದಾಗಿ ಕತ್ತರಿಸಿ ಮಾರಬಹುದು. ಉಡಿ ತುಂಬಲು, ದೇವಿಗೆ ಏರಿಸಲು, ಬೀಗರಿಗೆ ಕೊಡಲು ವರ್ಷವಿಡೀ ಬೇಕು, ಮಹಾರಾಷ್ಟ್ರದಲ್ಲಿಯೂ ಬೇಡಿಕೆಯುಂಟು. ಬೆಲೆ ಸಣ್ಣದಾದಷ್ಟೂ ಕೊಳ್ಳುವವರು ಬೇಗ ಸಿಗುತ್ತಾರೆ. ಹೀಗಾಗಿ ಒಂದು ಗಂಟು ಖಣ ಹೆಗಲಿಗೇರಿಸಿ ಜಾತ್ರೆಯಿಂದ ಜಾತ್ರೆಗೆ ನಡೆದು ವ್ಯಾಪಾರಿಯಾಗುವ ಅವಕಾಶ ಖಣಕ್ಕಿತ್ತು, ಸೀರೆಗೆ ಅಷ್ಟಾಗಿ ಇರಲಿಲ್ಲ. ಶಾಸನದ ಹೆಗಲ ಮೇಲಿನ ಹೇರಿನವನ ವಾರಸುದಾರನನ್ನು ಹುಡುಕುವುದಾದರೆ ಅವನನ್ನು ಗುಳೇದಗುಡ್ಡದ ಖಣದ ಗಂಟಿನವರಲ್ಲಿ ಹುಡುಕಬೇಕು.

ಈ ಸೀಮೆಯ ಕಿರುಉದ್ಯೋಗದ ಮಾತು ಬಂದಾಗಲೆಲ್ಲ ಕಾಯಕತತ್ತ್ವವನ್ನು ಮೂಲಪ್ರೇರಣೆಯಾಗಿ ಹೇಳುವುದುಂಟು. ಕೂಡಲಸಂಗಮ ಹುನಗುಂದ ಸೀಮೆಯಲ್ಲಿಯೇ ಇರುವುದರಿಂದ ಈ ನಂಟು ಆಕರ್ಷಕವಾಗಿದೆ. ಅಕ್ಕಿ ಆಯುವ, ಹುಲ್ಲು ಕೊಯ್ದು ಹಗ್ಗ ಹೊಸೆಯುವ ಶರಣರ ಕಾಯಕಗಳು ಹಣವಿಲ್ಲದೆ ಮಾಡುವಂಥವೇ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ, ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಅವಳು ಅದನ್ನು ಮರಳಿ ಸುರಿದು ಬರಲು ಹೇಳುತ್ತಾಳೆ. ಅಂದಿಗಂದಿನದು ಅಂದಿಗೆ ಸಾಕೆಂಬುದು ಅವಳ ನಿಲುವು. ಚಂಚಿಯ ಅರೆಯಲ್ಲಿ ನಾಳೆಯ ಅಸಲನ್ನು ಕಟ್ಟಿಡುವ ಬುಟ್ಟಿಯವ್ವನ ನಿಲುವು ಇದಕ್ಕೆ ವಿರುದ್ಧವಾದುದು. ಕಾಯಕವನ್ನು ಸ್ವಯಂ ಉದ್ಯೋಗವೆಂದು ಅನುವಾದಿಸುವ ಉತ್ಸಾಹದಲ್ಲಿ ಈ ವ್ಯತ್ಯಾಸ ಅಳಿಸಿಹೋಗಬಾರದು. ಇಳಕಲ್ಲಿನ ವಿಜಯಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನು ಭಿಕ್ಷೆ ಬೇಡಿದ್ದು ನೇಕಾರ ಓಣಿಗಳ ಆರ್ಥಿಕ ಚರಿತ್ರೆಗೆ ಹೆಚ್ಚು ಹತ್ತಿರದ ಸಂಗತಿ. ಮಜೂರಿ ಕೈಗೆ ಬಂದ ಸಂಜೆ ಆ ಹಣ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಕಂಡವರು ಅವರು.

ಹೊರಗಿನಿಂದ ಬಂದ ಹಣದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1904ರ ಸಹಕಾರ ಸಂಘಗಳ ಕಾಯಿದೆಯ ಮರುವರ್ಷವೇ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅದರ ಅಲೆ ನೇಕಾರರ ಊರುಗಳಿಗೂ ಬಂತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ಕೊಡುವ ವ್ಯವಸ್ಥೆ ಮಾಡಿತು. ಖಾಸಗಿ ಮುಂಗಡದಿಂದ ಕೆಲವರಿಗಾದರೂ ಬಿಡುಗಡೆ ಸಿಕ್ಕಿತೆಂಬುದು ನಿಜ. ಆದರೆ ನೂಲು ಕೊಟ್ಟು ಬಟ್ಟೆ ಪಡೆಯುವ ಕ್ರಮ ಸಾವಕಾರನದೇ. ಕಾಲದ ಭಾರವನ್ನು ಹೊರುವವರು ಬದಲಾದರು, ನೇಕಾರ ಮಜೂರಿಯವನಾಗಿಯೇ ಉಳಿದನು. 1985ರ ಕೈಮಗ್ಗ ಮೀಸಲಾತಿ ಕಾಯಿದೆಯ ಹೊರತಾಗಿಯೂ ವಿದ್ಯುತ್ ಮಗ್ಗದ ಸೀರೆಗಳು ಇಳಕಲ್ಲಿನ ಹೆಸರಿನಲ್ಲಿಯೇ ಪೇಟೆಗೆ ಬಂದು, ಕೈಮಗ್ಗದವನು ಕಾಯಬೇಕಾದ ಅವಧಿ ಇನ್ನಷ್ಟು ಬೆಳೆಯಿತು.

1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು ಮತ್ತು ಬ್ಯಾಂಕುಗಳ ಜೋಡಣೆ, 2000-01ರ ರಾಜ್ಯದ ಸ್ತ್ರೀಶಕ್ತಿ ಯೋಜನೆ, 2018ರ ಬಡವರ ಬಂಧು, 2020ರಲ್ಲಿ ಬೀದಿಬದಿಯ ವ್ಯಾಪಾರಿಗಳಿಗಾಗಿ ಮೊದಲ ಕಂತು 10,000 ರೂಪಾಯಿಯಿಂದ ಆರಂಭವಾದ ಸ್ವನಿಧಿ ಇವುಗಳ ಸಾಲ ಬುಟ್ಟಿಯವರಿಗೆ ಒಗ್ಗಿದಷ್ಟು ಮಗ್ಗದವರಿಗೆ ಒಗ್ಗಲಿಲ್ಲ. ವಾರದ ಇಲ್ಲವೆ ತಿಂಗಳ ಕಂತು ಕಟ್ಟಲು ದಿನದ ಆದಾಯ ಬೇಕು. ಖಾಸಗಿ ಕಿರುಹಣಕಾಸು ಕಂಪನಿಗಳ ವಾರದ ಕಂತು ತೀರಿಸಲು ಮತ್ತೊಂದು ಕಂಪನಿಯ ಸಾಲ, ಅದನ್ನು ತೀರಿಸಲು ಮೀಟರ್ ಬಡ್ಡಿ ಎಂಬ ಸರಪಳಿ ರಾಜ್ಯದ ಹಲವು ಕಡೆ ಮನೆಗಳನ್ನೇ ನುಂಗಿತು. 2025ರಲ್ಲಿ ಸಾಲ ವಸೂಲಿಯ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಚಂಚಿಯಲ್ಲಿ ಅಸಲಿಗೊಂದು ಅರೆಯಿತ್ತು, ಕಂತಿಗೆ ಅರೆ ಇರಲಿಲ್ಲ. ಕಂತು ಮೊದಲು ನುಂಗಿದ್ದು ಅಸಲಿನ ಅರೆಯನ್ನೇ.

ಇವೆಲ್ಲಕ್ಕಿಂತ ಭಿನ್ನವಾದ ನಷ್ಟವೊಂದು ಬಾಗಲಕೋಟೆ ಪಟ್ಟಣದ್ದು. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಪಟ್ಟಣದ ಬಹುಭಾಗ ಮುಳುಗಡೆಗೆ ಸೇರಿ, ಜನ ಹಂತಹಂತವಾಗಿ ನವನಗರಕ್ಕೆ ಹೋದರು. 1997ರಲ್ಲಿ ಅವಿಭಜಿತ ಬಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದ ಕಾಲಕ್ಕೇ ಅದರ ಹಳೆಯ ಪೇಟೆ ಕರಗತೊಡಗಿತ್ತು. ಮುಳುಗಡೆಯ ಲೆಕ್ಕದಲ್ಲಿ ಗೋಡೆ, ಮಾಳಿಗೆ, ನಿವೇಶನಗಳಿಗೆ ಬೆಲೆ ಕಟ್ಟಬಹುದು. ಅಂಗಡಿಯ ಕಟ್ಟೆಯ ಕೆಳಗೆ ಗೋಣಿಚೀಲ ಹಾಸಿ ನಿಂಬೆಹಣ್ಣು, ಹೂವು, ಬಳೆ ಮಾರುತ್ತಿದ್ದವಳಿಗೆ ಗೋಡೆಯೇ ಇರಲಿಲ್ಲ. ಅವಳ ಆಸ್ತಿ ಆ ಓಣಿಯಲ್ಲಿ ದಿನವೂ ನಡೆದುಹೋಗುತ್ತಿದ್ದ ಜನ. ನವನಗರದ ರಸ್ತೆಗಳು ಅಗಲವಾಗಿವೆ. ನಡೆದುಹೋಗುವವರು ಕಟ್ಟೆಯ ಬಳಿ ನಿಲ್ಲುವಂಥ ಇಕ್ಕಟ್ಟು ಅಲ್ಲಿಲ್ಲ. ಸಣ್ಣ ವ್ಯಾಪಾರಕ್ಕೆ ಇಕ್ಕಟ್ಟೂ ಒಂದು ಬಂಡವಾಳವೆಂಬುದನ್ನು ನಗರ ಯೋಜಕರು ನಕ್ಷೆಯಲ್ಲಿ ಗುರುತಿಸುವುದು ಕಷ್ಟ.

ಇತ್ತೀಚಿನ ವರುಷಗಳಲ್ಲಿ ಇಳಕಲ್ಲಿನ ನೇಕಾರ ಓಣಿಗಳಲ್ಲಿ ತಿರುಗಾಡುವಾಗ ಮಗ್ಗದ ಸದ್ದಿನೊಡನೆ ರೊಟ್ಟಿ ಬಡಿಯುವ ಸದ್ದೂ ಹೆಚ್ಚಾಗಿ ಕೇಳಿಸಿತು. ಕಂಡಿಕೆ ಸುತ್ತುತ್ತಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಕಟಕ್ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ಕಂಡಿಕೆಗೆ ಬೇರೆ ಮಜೂರಿಯಿಲ್ಲ, ಅದು ಗಂಡನ ಸೀರೆಯ ಲೆಕ್ಕದಲ್ಲಿ ಸೇರಿಹೋಗುತ್ತದೆ; ರೊಟ್ಟಿಯ ಹಣ ತಮ್ಮ ಕೈಗೆ ಬರುತ್ತದೆ ಎಂಬುದು ಅವರು ಕೊಟ್ಟ ಕಾರಣ. ಮೊದಲು ಓಣಿಯ ಮದುವೆ, ಸೀಮಂತಗಳಿಗೆ ಮಾಡಿಕೊಡುತ್ತಿದ್ದರು, ಆಮೇಲೆ ಖಾನಾವಳಿಗಳಿಗೆ. ಒಣಗಿದ ರೊಟ್ಟಿ ಕೆಡದೆ ಇರುವುದರಿಂದ ಬೆಂಗಳೂರು ಪುಣೆಗಳಿಗೂ ಕಟ್ಟಿ ಕಳಿಸಬಹುದು. ಬುಟ್ಟಿಗೆ ಬಲ ಕೊಟ್ಟಿದ್ದ ಗುಣ ಇಲ್ಲಿ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದೆ. ಕೆಡದ ಸರಕನ್ನು ಕೂಡಿಹಾಕಬಹುದು, ಕೂಡಿಹಾಕಬಲ್ಲವನು ಬೆಲೆಯನ್ನು ಗೊತ್ತುಮಾಡಬಹುದು. ದೂರದ ಪೇಟೆಗೆ ಕಳಿಸುವವರು ಹಣವನ್ನು ಹದಿನೈದು ದಿನಕ್ಕೋ ತಿಂಗಳಿಗೋ ಕೊಡುತ್ತಾರೆ. ಅಷ್ಟು ದಿನ ಜೋಳ ಕೊಳ್ಳುವ ಶಕ್ತಿಯಿಲ್ಲದವರಿಗೆ ಹಿಟ್ಟನ್ನೂ ಅವರೇ ಕೊಡತೊಡಗಿದ್ದಾರೆ.

ಅಂಥ ಮನೆಯೊಂದರಲ್ಲಿ ಅತ್ತೆ ಸೊಸೆ ಇಬ್ಬರೂ ಒಲೆಯ ಎರಡು ಬದಿಗೆ ಕುಳಿತು ಬಡಿಯುತ್ತಿದ್ದರು. ಹಿಟ್ಟಿನ ಚೀಲದ ಮೇಲೆ ಕಳಿಸಿದವರ ಗುರುತಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಸಾಲು ಗೀಟುಗಳು: ಒಂದು ಸಾಲು ಕೊಟ್ಟ ರೊಟ್ಟಿಯ ನೂರುಗಳು, ಇನ್ನೊಂದು ಮಗನ ಶಾಲೆಯ ಫೀಗೆಂದು ಪಡೆದ ಮುಂಗಡ. ರೊಟ್ಟಿಯ ಲೆಕ್ಕದ ಹಣಕ್ಕೆ ಏನೆನ್ನುತ್ತೀರೆಂದು ಕೇಳಿದಾಗ ಅತ್ತೆ ‘ಮಜೂರಿ’ ಎಂದರು.